ಕಲ್ಪಿತ ಲೋಕಗಳಲ್ಲಿ ಅಮಾನುಷ ಕುಲಗಳು: ದೇವನೂರಿನ ಕಾವ್ಯವೊಂದರ ನಿದರ್ಶನ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯನ್ನು ಮುನ್ನಡೆಸುವ ಆಟವೊಂದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ಈ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಲೋಕದಲ್ಲಿ ಮನುಷ್ಯರೊಡನೆ ಎಲ್ಫ್, ಡ್ವಾರ್ಫ್, ಓರ್ಕ್ ಮೊದಲಾದ ಅಮಾನುಷ ಕುಲಗಳೂ ಉಂಟು. ಇಲ್ಲಿ ಕುಲವನ್ನು ಹೇಳಿದೊಡನೆ ಸ್ವಭಾವವನ್ನೂ ಹೇಳಿದಂತಾಗುವುದು. ಓರ್ಕ್ ಎಂದರೆ ಕ್ರೂರಿ, ಆದುದರಿಂದ ಕೊಲ್ಲತಕ್ಕವನು. ಆಟಗಾರರೇ ಇದನ್ನು ಆಕ್ಷೇಪಿಸಿದರು. ಈ ಚಿತ್ರಣವನ್ನು ತಿದ್ದುವುದಾಗಿ ಪ್ರಕಾಶಕರು 2020ರಲ್ಲಿ ತಿಳಿಸಿದರು. 2024ರ ನಿಯಮಗ್ರಂಥದಲ್ಲಿ ‘ರೇಸ್’ ಎಂಬ ಶಬ್ದವನ್ನು ಬಿಟ್ಟು ‘ಸ್ಪೀಶೀಸ್’ ಎಂಬುದನ್ನು ಇಟ್ಟರು. ಶಬ್ದ ಬದಲಾದ ಮಾತ್ರಕ್ಕೆ ಕಲ್ಪನೆಯೂ ಬದಲಾಗುವುದೆಂದು ನನಗೆ ತೋರದು.

ಈ ತೊಡಕನ್ನು ಬೇರೊಂದು ಬಗೆಯಲ್ಲಿ ಬಿಡಿಸಿದ ಕಾವ್ಯವು ನಮ್ಮ ಕಡೂರು ಸೀಮೆಗೆ ಸೇರಿದುದಾಗಿದೆ. ಅದು ಲಕ್ಷ್ಮೀಶನ ‘ಜೈಮಿನಿ ಭಾರತ’. ಕವಿಯು ಸ್ಮರಿಸುವ ದೇವಪುರವನ್ನು ವಿದ್ವಾಂಸರು ಬಹುಮಟ್ಟಿಗೆ ಕಡೂರು ತಾಲ್ಲೂಕಿನ ದೇವನೂರೆಂದು ಗುರುತಿಸಿದ್ದಾರೆ. ಕಥಾವಸ್ತು ಸಂಸ್ಕೃತ ಜೈಮಿನಿಯದು. ವಾರ್ಧಕ ಷಟ್ಪದಿಯ ಸೊಗಸು ಲಕ್ಷ್ಮೀಶನದು.

ಧರ್ಮರಾಯನ ಅಶ್ವಮೇಧಕ್ಕೆ ಕುದುರೆಯನ್ನು ತರಲು ಭೀಮನೊಡನೆ ಹೊರಡುವವರಲ್ಲಿ ಘಟೋತ್ಕಚನ ಮಗ ಮೇಘನಾದನೊಬ್ಬ. ಮುಂದೆ ಕುದುರೆಯನ್ನು ತಡೆಯುವವರಲ್ಲಿ ಭೀಷಣನೆಂಬ ರಾಕ್ಷಸನೂ ಒಬ್ಬ. ಭೀಮನಿಂದ ಹತನಾದ ಬಕನ ಮಗನೀತ. ಇಬ್ಬರದೂ ರಾಕ್ಷಸ ಕುಲವೇ. ಒಬ್ಬನಿಗೆ ಭೀಮನು ಅಜ್ಜ, ಮತ್ತೊಬ್ಬನಿಗೆ ಪಿತೃಹಂತಕ. ಅವರ ನಡತೆಯನ್ನು ನಿರ್ಣಯಿಸುವುದು ಕುಲವಲ್ಲ, ಮನುಷ್ಯರೊಡನೆ ಅವರಿಗಿರುವ ಋಣ ಮತ್ತು ಹಗೆ.

ನಾಗರ ಪ್ರಸಂಗವು ಇದಕ್ಕಿಂತಲೂ ವಿಚಾರಯೋಗ್ಯವಾದುದು. ಬಭ್ರುವಾಹನನ ಬಾಣದಿಂದ ಅರ್ಜುನನು ಮಡಿದಾಗ, ವ್ಯಾಸಭಾರತದಲ್ಲಿ ಉಲೂಪಿಯು ಸಂಜೀವಕ ಮಣಿಯನ್ನು ನೆನೆದೊಡನೆ ಅದು ಬಂದು ಸೇರುವುದು. ಜೈಮಿನಿಯ ಕಥೆಯಲ್ಲಿ ಅಷ್ಟು ಸುಲಭವಲ್ಲ. ಮಣಿಯನ್ನು ಪಾತಾಳದಲ್ಲಿ ಬೇಡಬೇಕು. ಶೇಷನಿಗೆ ಕೊಡುವ ಮನಸ್ಸುಂಟು. ಧೃತರಾಷ್ಟ್ರನೆಂಬ ನಾಗನು ಕೂಡದೆಂದು ತಡೆಯುವನು. ಖಾಂಡವವನ್ನು ಸುಟ್ಟವನೇ ಅರ್ಜುನನೆಂಬುದನ್ನು ನೆನೆದರೆ ನಾಗರ ಈ ಅಪನಂಬಿಕೆ ಅಕಾರಣವೆನ್ನಲಾಗದು. ಕೊನೆಗೆ ಬಭ್ರುವಾಹನನು ಯುದ್ಧಮಾಡಿಯೇ ಮಣಿಯನ್ನು ಪಡೆಯಬೇಕಾಗುವುದು. ಸೋತ ಪಕ್ಷವು ಅಷ್ಟಕ್ಕೂ ಸುಮ್ಮನಿರದೆ ಅರ್ಜುನನ ತಲೆಯನ್ನು ಕದ್ದೊಯ್ಯುವುದು. ಅಮಾನುಷ ಕುಲವು ಇಲ್ಲಿ ತನ್ನೊಳಗೇ ಭಿನ್ನಾಭಿಪ್ರಾಯವುಳ್ಳ ಒಂದು ಸಮಾಜವಾಗಿದೆ. ವಿಷ, ಹೆಡೆ, ಪಾತಾಳವಾಸ ಎಲ್ಲರಿಗೂ ಸಮಾನ; ಅಭಿಪ್ರಾಯ ಮಾತ್ರ ಸಮಾನವಲ್ಲ.

ಶಿಲ್ಪಕ್ಕೆ ಈ ಅನುಕೂಲವಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಲಾದ ಅಮೃತೇಶ್ವರ ದೇವಾಲಯದ ಮಂಟಪದ ಗೋಡೆಯ ಮೇಲೆ, ದಕ್ಷಿಣಕ್ಕೆ ರಾಮಾಯಣದ 70 ಫಲಕಗಳಿವೆ. ಕಲ್ಲಿನಲ್ಲಿ ಕುಲವನ್ನು ರೂಪದಿಂದಲೇ ತಿಳಿಸಬೇಕು. ವಿಭೀಷಣನ ಮನಸ್ಸನ್ನು ನೋಡುವವನು ಕಥೆಯಿಂದ ತಂದು ತುಂಬಿಕೊಳ್ಳಬೇಕು.

ಮಾತೇ ಸಾಧನವಾದ ಆಟವು ಶಿಲ್ಪಕ್ಕಿಂತ ತಾಳಮದ್ದಲೆಗೆ ಹತ್ತಿರ. ಕರಾವಳಿ, ಮಲೆನಾಡುಗಳಲ್ಲಿ ಇಂದಿಗೂ ನಡೆಯುವ ಈ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಯು ಕುಳಿತಲ್ಲಿಯೇ ಭಾಗವತರ ಪದ್ಯಕ್ಕೆ ಆಶುವಾಗಿ ಮಾತು ಕಟ್ಟುವನು. ರಾಕ್ಷಸನ ಅರ್ಥ ಹೇಳುವವನು ಕೋರೆಹಲ್ಲನ್ನು ನಂಬಿ ಕೂರುವಂತಿಲ್ಲ. ತನ್ನ ಪಕ್ಷವನ್ನು ಎದುರಾಳಿಗೆ ಸಮರ್ಥಿಸಿ ತೋರಿಸಬೇಕು. ಆಟದ ಲೋಕವನ್ನು ಕಟ್ಟುವವರು ಹೊಸ ಕುಲವೊಂದಕ್ಕೆ ರೆಕ್ಕೆ, ಬಾಲಗಳನ್ನು ಕೊಡುವ ಮೊದಲು ಅದರ ಸಭೆಯಲ್ಲಿ ಯಾವ ವಿಷಯಕ್ಕೆ ಜಗಳವಾಗುವುದೆಂಬುದನ್ನು ಬರೆದುಕೊಳ್ಳಲಿ. ಶೇಷನಿಗೆ ಉತ್ತರ ಹೇಳಲು ಧೃತರಾಷ್ಟ್ರನೊಬ್ಬನು ಅಲ್ಲಿರಬೇಕು.