ಗಡ್ಡೆ ಕೂತಿರೋದು ಎಲ್ಲಿ?

ಸೋನೋಗ್ರಫಿ ರಿಪೋರ್ಟಿನಲ್ಲಿ ‘ಫೈಬ್ರಾಯ್ಡ್’ (ಗರ್ಭಕೋಶದ ಗಡ್ಡೆ) ಅಂತ ಕಂಡ ಕೂಡಲೇ ಡೊಂಬಿವಲಿಯಿಂದ ಮುಂಬೈನ ಪರೇಲಿನ ದೊಡ್ಡಾಸ್ಪತ್ರೆಗೆ ಓಡಬೇಡಿ. ಗಡ್ಡೆ ಎಷ್ಟು ದೊಡ್ಡದು ಅನ್ನೋದರ ಜೊತೆಗೆ ಎಲ್ಲಿದೆ ಅಂತಲೂ ಕೇಳಿ.

ಗರ್ಭಕೋಶದ ಹೊರಮೈಯಲ್ಲಿದ್ದರೆ ಬಸಿರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಒಳಕ್ಕೆ ಚಾಚಿಕೊಂಡಿದ್ದರೆ ಭ್ರೂಣ ನೆಲೆಯೂರೋದು ಕಷ್ಟ. ಪ್ರಣಾಳ ಶಿಶು ವಿಧಾನವಾದ ಐವಿಎಫ್‌ಗೂ ಇದೇ ತೊಡಕು.

ಒಳಕ್ಕೆ ಚಾಚಿದ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಯೋನಿಮಾರ್ಗದಿಂದಲೇ ಹಿಸ್ಟರೋಸ್ಕೋಪ್ ಎಂಬ ದರ್ಶಕ ಕೊಳವೆ ತೂರಿಸಿ ತೆಗೀತಾರೆ. ಗರ್ಭಕೋಶದ ಗೋಡೆಯಲ್ಲಿ ಹೂತ ದೊಡ್ಡ ಗಡ್ಡೆಗೆ ಲ್ಯಾಪರೋಸ್ಕೋಪಿ, ಇಲ್ಲವೇ ಹೊಟ್ಟೆ ತೆರೆದು ಆಪರೇಷನ್. ಆಮೇಲೆ ಗಾಯ ಮಾಯಲು ಕೆಲವು ತಿಂಗಳು ಕಾಯಬೇಕು. ಹೆರಿಗೆಗೆ ಸಿಸೇರಿಯನ್ ಬೇಕಾಗಬಹುದು. ಗಡ್ಡೆ ಮತ್ತೆ ಬೆಳೆಯಲೂಬಹುದು.

ಅಂದಹಾಗೆ, ಬಸಿರು ನಿಲ್ಲದಿರೋದಕ್ಕೆ ಕಾರಣ ಗಂಡನಲ್ಲೂ ಇರಬಹುದು; ಅವನ ವೀರ್ಯ ಪರೀಕ್ಷೆ ಆಯ್ತಾ? ಹೆಂಡತಿಯ ಆಪರೇಷನ್‌ಗೆ ಮೊದಲೇ ಅದು ಆಗಲಿ.