ಗುಜರಿಯಿಂದ ಎದ್ದ ಬಾಂಬರ್ ಪಡೆ

ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ನಾಲ್ಕು ಎಂಜಿನ್‌ಗಳ ಭಾರೀ ವಿಮಾನವೊಂದಿದೆ. ಅದು ಅಮೆರಿಕದಲ್ಲಿ ತಯಾರಾದ ಬಿ-24 ಲಿಬರೇಟರ್ ಬಾಂಬರ್. ಅದರೆದುರು ನಿಂತಾಗ ನನಗೆ ಯುದ್ಧಕ್ಕಿಂತ ಮೊದಲು ನೆನಪಾದದ್ದು ನಮ್ಮ ಬೆಂಗಳೂರು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು ಈ ವಿಮಾನಗಳನ್ನು ಬ್ರಿಟನ್ನಿಗೆ ಎರವಲು ಕೊಟ್ಟಿತ್ತು. ಯುದ್ಧಾನಂತರ ಹಿಂದಿರುಗಿಸಬೇಕು, ಇಲ್ಲವೇ ನಿರುಪಯುಕ್ತಗೊಳಿಸಬೇಕು ಎಂಬುದು ಷರತ್ತು. ಅದರಂತೆ ಬ್ರಿಟಿಷರು ಕಾನ್ಪುರದಲ್ಲಿದ್ದ ಲಿಬರೇಟರ್‌ಗಳನ್ನು ಬೇಕೆಂದೇ ಜಖಂಗೊಳಿಸಿ, ಅಲ್ಲಿಯೇ ಬಿಟ್ಟುಹೋದರು.

ಆಗ ಸ್ವತಂತ್ರ ಭಾರತದ ಬಳಿ ಭಾರೀ ಬಾಂಬರ್ ಒಂದೂ ಇರಲಿಲ್ಲ. 1947-48ರ ಕಾಶ್ಮೀರ ಯುದ್ಧದಲ್ಲಿ ಡಕೋಟಾ ಸಾಗಣೆ ವಿಮಾನಗಳ ಬಾಗಿಲಿನಿಂದ ಬಾಂಬುಗಳನ್ನು ಉರುಳಿಸಬೇಕಾಯಿತು. ಎಲ್ಲರ ಕಣ್ಣು ಕಾನ್ಪುರದ ಗುಜರಿಯ ಮೇಲೆ ಬಿತ್ತು.

ಆ ಹೊಣೆ ಬಂದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಸ್ಥಾಪಿಸಿದ ಕಾರ್ಖಾನೆಯಿದು. ಯುದ್ಧಕಾಲದಲ್ಲಿ ಅಮೆರಿಕನ್ ಸೇನೆಯ ವಿಮಾನಗಳನ್ನು ದುರಸ್ತಿ ಮಾಡಿದ ಅನುಭವ ಇಲ್ಲಿನ ಕಾರ್ಮಿಕರಿಗಿತ್ತು. ಕಾನ್ಪುರದಲ್ಲಿ ವಿಮಾನಗಳಿಗೆ ಹಾರಲು ಸಾಕಾಗುವಷ್ಟು ತೇಪೆ ಹಾಕಲಾಯಿತು. ಲಿಬರೇಟರ್ ನಡೆಸಿ ಅನುಭವವೇ ಇಲ್ಲದಿದ್ದ ಪರೀಕ್ಷಾ ವಿಮಾನ ಚಾಲಕ ಜಮ್‌ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವು ಪೂರ್ಣವಾಗಿ ದುರಸ್ತಿಯಾದವು. ಹೀಗೆ ಮರುಜೀವ ಪಡೆದವು 40ಕ್ಕೂ ಹೆಚ್ಚು.

ಈ ವಿಮಾನಗಳನ್ನೇ ನೆಚ್ಚಿಕೊಂಡು 1948ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ 5ನೇ ಸ್ಕ್ವಾಡ್ರನ್ ಹುಟ್ಟಿತು. ಅದು ಭಾರತದ ಮೊದಲ ಭಾರೀ ಬಾಂಬರ್ ಪಡೆ. 1957ರಲ್ಲಿ ಅದಕ್ಕೆ ಕ್ಯಾನ್‌ಬೆರಾ ಜೆಟ್ ಬಾಂಬರ್‌ಗಳು ಬಂದವು. 1961ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ತೆರಳಿದ್ದೂ, 1965ರ ಯುದ್ಧದಲ್ಲಿ ಪೆಶಾವರದ ಮೇಲೆ ದಾಳಿ ನಡೆಸಿದ್ದೂ ಇದೇ ಪಡೆ. ಅತ್ತ ಲಿಬರೇಟರ್‌ಗಳು ಬೇರೆ ಸ್ಕ್ವಾಡ್ರನ್ನಿನಲ್ಲಿ 1968ರವರೆಗೂ ಹಾರಿದವು.

ಕಾಲದ ವಿಡಂಬನೆ ನೋಡಿ. 1974ರಲ್ಲಿ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಲಿಬರೇಟರ್ ಒಂದನ್ನು ಉಡುಗೊರೆಯಾಗಿ ಕಳುಹಿಸಿದ್ದು ಭಾರತವೇ! ಅಮೆರಿಕ, ಕೆನಡಾಗಳಲ್ಲಿಯೂ ನಮ್ಮಲ್ಲಿಂದ ಹೋದ ಲಿಬರೇಟರ್‌ಗಳಿವೆ.

ಸೇನಾ ಪಡೆಯೊಂದರ ಚರಿತ್ರೆಯೆಂದರೆ ದಂಡನಾಯಕರ ಹೆಸರು, ದಾಳಿಗಳ ದಿನಾಂಕ, ಪದಕಗಳ ಪಟ್ಟಿ ಎಂಬುದು ರೂಢಿ. ಅವೆಲ್ಲ ಇರಲಿ. ಆದರೆ ಸುತ್ತಿಗೆ, ಸ್ಪ್ಯಾನರ್ ಹಿಡಿದು ಆ ಚರಿತ್ರೆಯ ಮೊದಲ ಪುಟ ಬರೆದ ಬೆಂಗಳೂರಿನ ಕಾರ್ಮಿಕರಲ್ಲಿ ಒಬ್ಬರ ಹೆಸರನ್ನಾದರೂ ನಾವು ಹೇಳಬಲ್ಲೆವೇ? ವಿಮಾನಗಳನ್ನು ಜತನದಿಂದ ಕಾಪಾಡಿರುವ ನಾವು, ಅವುಗಳಿಗೆ ಜೀವ ಕೊಟ್ಟವರ ಹೆಸರುಗಳನ್ನೂ ಪಕ್ಕದಲ್ಲೊಂದು ಫಲಕದಲ್ಲಿ ಕೆತ್ತಿಸಬೇಕು.