ನಮ್ಮೂರ ಕಥೆಯ ಗೇಮ್: ಯಾವುದಕ್ಕೆ ಒಪ್ಪಿಗೆ ಬೇಕು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಗೆಳೆಯರೇ, ನಮ್ಮ ನೆಲದ ಕಥೆ ಹಿಡಿದು ಗೇಮ್ ಮಾಡಬೇಕಾ? ಮಾಡ್ರಿ!

ಮಳಖೇಡದ ಅಮೋಘವರ್ಷ, ಅವನ ಆಸ್ಥಾನದ 9ನೇ ಶತಮಾನದ ಕವಿರಾಜಮಾರ್ಗ, ಕನಗನಹಳ್ಳಿಯ ಕಲ್ಲಿನಲ್ಲಿ ಬ್ರಾಹ್ಮಿ ಲಿಪಿಯ ಹೆಸರು ಸಮೇತ ನಿಂತ ಅಶೋಕ: ಇವುಗಳ ಮೇಲೆ ಯಾರಿಗೂ ಕೃತಿಸ್ವಾಮ್ಯ ಇಲ್ಲ.

ಆದರೆ ಕವಿರಾಜಮಾರ್ಗಕ್ಕೆ ಈಚೆಗೆ ಬಂದ ಹೊಸಗನ್ನಡ ಅನುವಾದ, ಹೊಸ ಕಾದಂಬರಿ, ಸಿನಿಮಾ ಹಾಡು, ಯಾರೋ ತೆಗೆದ ಕೋಟೆಯ ಫೋಟೊ, ಇವಕ್ಕೆ ಒಡೆಯರಿದ್ದಾರೆ.

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1994ರಲ್ಲಿ ಅಗಲಿದ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ!

ಕ್ರೆಡಿಟ್ ಹಾಕಿದರೆ ಸಾಲದು, ಲಿಖಿತ ಒಪ್ಪಿಗೆ ಬೇಕು. ಇತಿಹಾಸ ಎಲ್ಲರದು, ಮಾತು, ಚಿತ್ರ, ಸಂಗೀತ ಮಾತ್ರ ನಿಮ್ಮದೇ ಇರಲಿ.